ನವನಗರದ ಬೆನ್ನೆಲುಬು ಚಿಕಿತ್ಸಾಲಯ: ಕೀಲಿನ ಆಕಾರವನ್ನೂ ನೋಡುವ ತಪಾಸಣೆ

ಬಾಗಲಕೋಟೆಯ ನವನಗರದಲ್ಲಿರುವ ಖಾಸಗಿ ಬೆನ್ನೆಲುಬು ಚಿಕಿತ್ಸಾಲಯವೊಂದಕ್ಕೆ ನನ್ನ ತಾಯಿಯವರನ್ನು ನಾಲ್ಕು ಬಾರಿ ಕರೆದೊಯ್ದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಅವರಿಗೆ 62 ವರ್ಷ. ಬೀಳಗಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಇಂದಿಗೂ ದುಡಿಯುತ್ತಾರೆ. ಬಗ್ಗಿ ಕಳೆ ತೆಗೆಯುವಾಗ ಅಷ್ಟಾಗಿ ಕಾಡದ ಅವರ ಟೊಂಕನೋವು, ಬಸ್ ನಿಲ್ದಾಣದಿಂದ ಮನೆಗೆ ನಡೆದು ಬರುವಷ್ಟರಲ್ಲಿ ತೊಡೆಗಿಳಿದು ಕಾಲಿಗೆ ಜೋಮು ಹಿಡಿಸುತ್ತಿತ್ತು. ಯಾವುದಾದರೂ ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕುಳಿತರೆ ಶಮನವಾಗುತ್ತಿತ್ತು. ಹೊಲದಲ್ಲಿ ಬಾರದ ನೋವು ದಾರಿಯಲ್ಲಿ ಹೇಗೆ ಬರುತ್ತದೆ ಎಂದು ಮನೆಯವರಾದ ನಾವೇ ಅವರ ಮಾತನ್ನು ಪೂರ್ತಿ ನಂಬಿರಲಿಲ್ಲ.

ಮೊದಲು ತೋರಿಸಿದ್ದ ಬೇರೊಂದು ಕಡೆ ಎಂಆರ್‌ಐ ನೋಡಿ, ಡಿಸ್ಕ್ ಸವೆದಿದೆ ಎಂದಷ್ಟೇ ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ನವನಗರದ ವೈದ್ಯರು ಅದೇ ಚಿತ್ರಗಳಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ಹಿಂಬದಿಯನ್ನು ಜೋಡಿಸುವ ಫೆಸೆಟ್ ಎಂಬ ಕೀಲುಗಳಲ್ಲಿ ದ್ರವ ತುಂಬಿರುವುದನ್ನು ಗುರುತಿಸಿ, ಮಣಿ ಜಾರುತ್ತಿದೆಯೇ ಎಂದು ನೋಡಲು ನಿಂತಾಗ, ಮುಂದಕ್ಕೆ ಬಾಗಿದಾಗ ಮತ್ತು ಹಿಂದಕ್ಕೆ ಬಾಗಿದಾಗ ಒಂದೊಂದು ಎಕ್ಸ್‌ರೇ ತೆಗೆಸಿದರು. ಮಲಗಿಸಿ ತೆಗೆದ ಎಂಆರ್‌ಐಯಲ್ಲಿ ತನ್ನ ಜಾಗದಲ್ಲೇ ಇರುವಂತೆ ಕಂಡಿದ್ದ ನಾಲ್ಕನೆಯ ಮಣಿ ನಿಂತಾಗ ಐದನೆಯದರ ಮೇಲೆ ಮುಂದಕ್ಕೆ ಜಾರಿತ್ತು. ಇದಕ್ಕೆ ಸ್ಪಾಂಡಿಲೋಲಿಸ್ಥೆಸಿಸ್ ಎನ್ನುತ್ತಾರೆ. ತಾಯಿಯವರದು ಮೊದಲ ದರ್ಜೆ, ಅಂದರೆ ಜಾರಿಕೆ ಕೆಳಗಿನ ಮಣಿಯ ಹಿಂದುಮುಂದಿನ ಅಳತೆಯ ಶೇ. 25ನ್ನು ಮೀರಿಲ್ಲ.

ನಾನು ಈ ಚಿಕಿತ್ಸಾಲಯವನ್ನು ಮೆಚ್ಚಿದ್ದು ಮುಂದಿನ ವಿವರಣೆಗಾಗಿ. ಪ್ರತಿ ಎರಡು ಮಣಿಗಳನ್ನು ಹಿಂಬದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಫೆಸೆಟ್ ಕೀಲು ಜೋಡಿಸುತ್ತದೆ. ಕೀಲಿನ ಮುಖ ಎಡದಿಂದ ಬಲಕ್ಕೆ ಅಡ್ಡಲಾಗಿದ್ದರೆ ಬಾಗಿಲಿಗೆ ಹಾಕಿದ ಅಗುಳಿಯಂತೆ ಮೇಲಿನ ಮಣಿಯನ್ನು ಮುಂದೆ ಹೋಗದಂತೆ ತಡೆಯುತ್ತದೆ. ಹಿಂದಿನಿಂದ ಮುಂದಕ್ಕೆ ಚಾಚಿಕೊಂಡಿದ್ದರೆ ಆ ತಡೆ ಸಡಿಲವಾಗಿ, ಮೇಜಿನ ಡ್ರಾಯರ್ ಸರಿಯುವಂತೆ ಮಣಿ ಸರಿಯಲು ದಾರಿಯಾಗುತ್ತದೆ. ಸಾಮಾನ್ಯವಾಗಿ ಸೊಂಟದಲ್ಲಿ ಕೆಳಗಿಳಿದಂತೆ ಕೀಲುಗಳು ಹೆಚ್ಚು ಹೆಚ್ಚು ಅಡ್ಡವಾಗುತ್ತವೆ. ತಾಯಿಯವರಲ್ಲಿ ನಾಲ್ಕನೆಯ ಮಣಿಯ ಕೆಳಗಿನ ಕೀಲುಗಳು ಹಾಗೆ ತಿರುಗಿರಲಿಲ್ಲ, ಎಡಬಲಗಳ ಕೋನವೂ ಒಂದೇ ಆಗಿರಲಿಲ್ಲ. ಸವೆತದಿಂದಾಗುವ ಜಾರಿಕೆ ಈ ಮಟ್ಟದಲ್ಲೇ ಹೆಚ್ಚು. ಅದೂ 50 ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ. ಎಳೆಯ ವಯಸ್ಸಿನಲ್ಲಿ ಮಣಿಯ ಹಿಂಬದಿಯ ಸಪೂರ ಎಲುಬು ಬಿರುಕು ಬಿಟ್ಟು ಉಂಟಾಗುವ ಜಾರಿಕೆ ಬೇರೆಯ ಬಗೆಯದು, ಅದು ಬಹುಮಟ್ಟಿಗೆ ಐದನೆಯ ಮಣಿಯಲ್ಲಿ ಕಾಣುತ್ತದೆ.

ಹಾಗಾದರೆ ಆಕಾರವೇ ಕಾರಣವೇ ಎಂದು ವೈದ್ಯರನ್ನು ಕೇಳಿದೆ. ಹುಟ್ಟಿನಿಂದ ಬಂದ ಆಕಾರ ಜಾರಿಕೆಗೆ ದಾರಿ ಮಾಡುತ್ತದೆಯೋ, ಸವೆತವೇ ಕೀಲನ್ನು ಹಾಗೆ ತಿದ್ದುತ್ತದೆಯೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ, ಇಂಥ ಕೀಲಿರುವ ಎಲ್ಲರಿಗೂ ಮಣಿ ಜಾರುವುದಿಲ್ಲ ಎಂದು ಅವರು ನೇರವಾಗಿ ಹೇಳಿದರು. ಗೊತ್ತಿರುವುದಕ್ಕಿಂತ ಹೆಚ್ಚು ಹೇಳದ ಆ ನಡತೆಯಿಂದಲೇ ನನಗೆ ಅವರಲ್ಲಿ ವಿಶ್ವಾಸ ಮೂಡಿತು. ಮಣಿ ಜಾರಿ ಇಕ್ಕಟ್ಟಾದ ನರಗಳ ದಾರಿ ಮುಂದಕ್ಕೆ ಬಾಗಿದಾಗ ತುಸು ಅಗಲವಾಗುವುದರಿಂದ ನೋವು ಇಳಿಯುತ್ತದೆ ಎಂದು ಅವರು ಬಿಡಿಸಿ ಹೇಳಿದಾಗ ತಾಯಿ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ.

ಶಸ್ತ್ರಚಿಕಿತ್ಸೆಯ ಮಾತನ್ನು ಅವರು ಅವಸರಿಸಲಿಲ್ಲ. ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮಗಳನ್ನು ಕಲಿಸಿ, ಕಾಲಿನ ಶಕ್ತಿ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಬರಬೇಕೆಂದು ಎಚ್ಚರಿಸಿದರು. ಮೂರು ತಿಂಗಳಾಯಿತು, ನಿಲ್ದಾಣದಿಂದ ಮನೆಗೆ ಬರುವಾಗ ಮೂರು ಕಡೆ ಕೂರುತ್ತಿದ್ದವರು ಈಗ ಒಂದೇ ಕಡೆ ಕೂರುತ್ತಾರೆ.

ಕೊರತೆಗಳೂ ಇವೆ. ಟೊಂಕ ಹಿಡಿದವರೇ ಬರುವ ಚಿಕಿತ್ಸಾಲಯ ಮೊದಲ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿರುವುದು ಸರಿಯಲ್ಲ. ವ್ಯಾಯಾಮದ ಹಾಳೆ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದನ್ನು ತಾಯಿಗಾಗಿ ಕನ್ನಡದಲ್ಲಿ ಬರೆದುಕೊಂಡಿದ್ದೆ; ಕಳೆದ ಭೇಟಿಯಲ್ಲಿ ಅದರ ಒಂದು ಪ್ರತಿಯನ್ನು ಕೌಂಟರಿನಲ್ಲಿ ಕೊಟ್ಟು ಬಂದಿದ್ದೇನೆ.