ರೈಲೇ ಇಲ್ಲದ ಜಿಲ್ಲೆಯಲ್ಲಿ ಕೂತು ಟೋಕಿಯೋ ಲೋಕಲ್ ಕಟ್ಟಿದೆ: ಓಪನ್‌ಬಿವಿಇ ಹೇಗಿದೆ?

ನಾನಿರುವುದು ಸೋಮವಾರಪೇಟೆ ಹತ್ತಿರ. ಕೊಡಗಿನಲ್ಲಿ ಒಂದು ಗೇಣು ರೈಲು ಹಳಿಯೂ ಇಲ್ಲ, ಗೊತ್ತಲ್ವಾ. ಮೈಸೂರಿನಿಂದ ಕುಶಾಲನಗರಕ್ಕೆ ಲೈನ್ ಬರುತ್ತದೆ ಅನ್ನುವ ಮಾತನ್ನು ಚಿಕ್ಕವನಿದ್ದಾಗಿನಿಂದ ಕೇಳುತ್ತಿದ್ದೇನೆ. ರೈಲು ನೋಡಬೇಕಾದರೆ ಸಕಲೇಶಪುರಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕು. ಇಂಥ ಕಡೆ ಕೂತು ಈ ಮಳೆಗಾಲ ಪೂರ್ತಿ ಜಪಾನಿನ ಒಂದು ಲೋಕಲ್ ರೈಲು ಕಟ್ಟಿದೆ. ಕಟ್ಟಿದ್ದು ಓಪನ್‌ಬಿವಿಇ ಅನ್ನುವ ರೈಲು ಸಿಮ್ಯುಲೇಟರ್‌ಗೆ, ಅಂದರೆ ಕಂಪ್ಯೂಟರಿನಲ್ಲಿ ರೈಲು ಓಡಿಸುವ ತಂತ್ರಾಂಶಕ್ಕೆ. ನಮ್ಮ ಕಡೆ ಇದರ ಬಗ್ಗೆ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ಪುಕ್ಕಟೆ, ಓಪನ್ ಸೋರ್ಸ್. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಜಪಾನಿನ ಬಿವಿಇ ಅನ್ನುವ ಹಳೆಯ ಸಿಮ್ಯುಲೇಟರ್‌ಗೆ ಅಲ್ಲಿನ ಹವ್ಯಾಸಿಗಳು ಮಾಡಿದ ರೈಲು, ರೂಟ್‌ಗಳನ್ನು ಇದರಲ್ಲೂ ಓಡಿಸಬಹುದು. ನನ್ನದು ಹಳೆಯ ಲ್ಯಾಪ್‌ಟಾಪ್, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಏನೂ ಇಲ್ಲ, ಆದರೂ ತೊಂದರೆ ಆಗಲಿಲ್ಲ. ಸುಮ್ನೆ ಓಡಿಸಿ ಖುಷಿಪಡಬೇಕು ಅನ್ನುವವರಿಗೆ ಜಪಾನಿನ ರೈಲು ಕಂಪನಿ ಜೆಆರ್ ಈಸ್ಟ್‌ನ ಜೆಆರ್ ಈಸ್ಟ್ ಟ್ರೈನ್ ಸಿಮ್ಯುಲೇಟರ್ ಇದೆ, ಅದರಲ್ಲಿ ನಿಜವಾದ ಹಳಿಯ ವಿಡಿಯೋನೇ ಕಾಣುತ್ತದೆ, ತುಂಬಾ ಚೆಂದ. ಆದರೆ ಅಲ್ಲಿ ಅವರು ಕೊಟ್ಟ ರೈಲನ್ನೇ ಓಡಿಸಬೇಕು. ನನಗೆ ಕಟ್ಟಬೇಕಿತ್ತು.

ಆರಿಸಿಕೊಂಡದ್ದು 209 ಸರಣಿ. 1993ರಲ್ಲಿ ಟೋಕಿಯೋದ ಕೇಹಿನ್-ತೋಹೊಕು ಲೈನಿಗೆ ಬಂದ ರೈಲು. ಸ್ಟೇನ್‌ಲೆಸ್ ಸ್ಟೀಲ್ ಮೈ, ಅದರ ಮೇಲೆ ಆಕಾಶನೀಲಿ ಪಟ್ಟಿ. ಅರ್ಧ ತೂಕ, ಅರ್ಧ ಬೆಲೆ, ಅರ್ಧ ಆಯಸ್ಸು ಅನ್ನುವ ಲೆಕ್ಕದಲ್ಲಿ ಮಾಡಿದ ಗಾಡಿ ಇದು. ಹಳೆಯ ರೈಲುಗಳಿಗಿಂತ ಬೇಗ ಬದಲಿಸಿಬಿಡೋಣ ಅಂತಲೇ ಯೋಚಿಸಿ ಕಟ್ಟಿದ್ದು. 2010ರ ಶುರುವಿಗೆ ಆ ಲೈನಿನಿಂದ ಹೊರಟೂ ಹೋಯಿತು. ಅಷ್ಟು ಬೇಗ ಹೋದ ರೈಲು ಅನ್ನುವುದಕ್ಕೇ ನನಗೆ ಅದರ ಮೇಲೆ ಪ್ರೀತಿ ಜಾಸ್ತಿ.

ರೈಲಿನ ಗುಣವೆಲ್ಲ ಟ್ರೈನ್ ಡಾಟ್ ಡ್ಯಾಟ್ ಅನ್ನುವ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಇರುತ್ತದೆ. ಮೋಟಾರ್ ಡಬ್ಬಿ 4, ಮೋಟಾರ್ ಇಲ್ಲದ ಡಬ್ಬಿ 6, ಒಂದೊಂದರ ಉದ್ದ 20 ಮೀಟರ್, ಮುಂದಿನ ಡಬ್ಬಿಗೆ ಮೋಟಾರ್ ಇಲ್ಲ. ನಿಂತಲ್ಲಿಂದ ಎದ್ದಾಗ ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ 2.5 ಕಿ.ಮೀ.ನಷ್ಟು ಏರಬೇಕು, ಮೇಲೆ ಹೋದ ಹಾಗೆ ಆ ಏರಿಕೆ ಹೇಗೆ ಇಳಿಯಬೇಕು ಅನ್ನುವುದನ್ನೂ ಅಲ್ಲೇ ಕೊಡಬೇಕು. ಪವರ್‌ಗೂ ಬ್ರೇಕ್‌ಗೂ ಒಂದೇ ಹ್ಯಾಂಡಲ್ಲೋ ಎರಡೋ, ಅದಕ್ಕೂ ಒಂದು ಸಾಲು. 209ರಲ್ಲಿ ಒಂದೇ, ನಮ್ಮ ಕಡೆಗೆ ಎಳೆದರೆ ಓಟ, ಮುಂದಕ್ಕೆ ತಳ್ಳಿದರೆ ಬ್ರೇಕ್. ಇಲ್ಲಿ ಒಂದು ಎಚ್ಚರಿಕೆ. ಈ ಫೈಲಿನಲ್ಲಿ ಸಾಲಿನ ಕ್ರಮವೇ ಎಲ್ಲ. ನಾನು ಒಂದು ಸಾಲು ಬಿಟ್ಟಿದ್ದೆ, ಮೋಟಾರ್ ಇಲ್ಲದ ಡಬ್ಬಿ ಎಷ್ಟು ಅನ್ನುವ ಸಾಲು. ಅದರ ಕೆಳಗಿದ್ದ ಉದ್ದದ 20 ಮೇಲಕ್ಕೆ ಜಾರಿ ಡಬ್ಬಿಯ ಲೆಕ್ಕ ಆಗಿಬಿಟ್ಟಿತು, 24 ಡಬ್ಬಿಯ ರೈಲು ಪ್ಲಾಟ್‌ಫಾರ್ಮ್ ದಾಟಿ ನಿಂತಿತ್ತು. ಕಾರಣ ಹುಡುಕಲು ಒಂದು ಸಂಜೆ ಹೋಯಿತು. ಹೊಸಬರು ಮೊದಲ ದಿನವೇ ಪ್ರತಿ ಸಾಲಿನ ಪಕ್ಕ ಅದು ಏನು ಅಂತ ಟಿಪ್ಪಣಿ ಹಾಕಿಕೊಳ್ಳಿ.

ಈಗ ಸದ್ದಿನ ವಿಷಯ. ಓಪನ್‌ಬಿವಿಇಯನ್ನು ನಾನು ಮೆಚ್ಚಿಕೊಂಡದ್ದೇ ಇದಕ್ಕೆ.

ಸಂಪಾಜೆ ಘಾಟಿ ಹತ್ತುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತರೂ ಗೇರ್ ಬದಲಿಸಿದ್ದು ಗೊತ್ತಾಗುತ್ತದೆ, ಅಲ್ವಾ? ಸದ್ದು ಏರುತ್ತಾ ಏರುತ್ತಾ ಹೋಗಿ ಒಮ್ಮೆಲೇ ಕೆಳಗೆ ಬೀಳುತ್ತದೆ. 209 ಹೊರಡುವಾಗಲೂ ಹಾಗೇ ಕೇಳುತ್ತದೆ, ಆದರೆ ಅದರಲ್ಲಿ ಬದಲಿಸುವ ಗೇರೇ ಇಲ್ಲ. ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್‌ನಲ್ಲಿ ಜಿಟಿಓ ಅನ್ನುವ ಹಳೆಯ ಕಾಲದ ಸ್ವಿಚ್ ಇದೆ. ಅದು ತುಂಬಾ ಬೇಗ ಬೇಗ ಆನ್-ಆಫ್ ಆಗಲಾರದು, ಹಾಗಾಗಿ ಅದರ ಬಡಿತ ನಮ್ಮ ಕಿವಿಗೆ ಕೇಳುವಷ್ಟು ಕೆಳಗಿರುತ್ತದೆ. ವೇಗ ಏರಿದಂತೆ ಕರೆಂಟಿನ ಒಂದು ಆವರ್ತಕ್ಕೆ ಎಷ್ಟು ಬಡಿತ ಅನ್ನುವುದನ್ನು ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ, ಒಂದೊಂದು ಮೆಟ್ಟಿಲಿಗೂ ಸದ್ದು ಬೀಳುತ್ತದೆ, ಮತ್ತೆ ಏರುತ್ತದೆ. ಆಮೇಲೆ ಬಂದ, ಐಜಿಬಿಟಿ ಅನ್ನುವ ಹೊಸ ಬಗೆಯ ಸ್ವಿಚ್ ಇರುವ ಇನ್ವರ್ಟರ್‌ಗಳು ಇದಕ್ಕಿಂತ ಮೆತ್ತಗೆ.

ಈ ಏರಿಳಿತವನ್ನು ಓಪನ್‌ಬಿವಿಇಯಲ್ಲಿ ನಾವೇ ಬರೆಯಬಹುದು. ಪ್ರತಿ 0.2 ಕಿ.ಮೀ. ವೇಗಕ್ಕೆ ಒಂದು ಸಾಲು: ಯಾವ ಸದ್ದು, ಎಷ್ಟು ಸ್ವರ, ಎಷ್ಟು ಜೋರು. 110 ಕಿ.ಮೀ. ವೇಗದ ರೈಲಿಗೆ 550 ಸಾಲು, ಅದೂ ಓಟಕ್ಕೆ ಎರಡು ಪಟ್ಟಿ, ಬ್ರೇಕ್‌ಗೆ ಎರಡು ಪಟ್ಟಿ. ಕೈಯಲ್ಲಿ ಬರೆಯಬೇಕಿಲ್ಲ, ಟ್ರೈನ್ ಎಡಿಟರ್ ಅನ್ನುವ ಉಪಕರಣದಲ್ಲಿ ಮೌಸ್ ಹಿಡಿದು ಗೆರೆ ಎಳೆದರೆ ಸಾಕು. ಬೇರೆಯವರ ರೆಕಾರ್ಡಿಂಗ್ ಎತ್ತಿ ಹಾಕುವುದು ನನಗೆ ಸರಿ ಕಾಣಲಿಲ್ಲ. ಜಪಾನಿನ ಅಭಿಮಾನಿಗಳು ಹಾಕಿದ ವಿಡಿಯೋಗಳನ್ನು ಕೇಳಿ ಕೇಳಿ ಸ್ವರ ಗುರುತು ಮಾಡಿಕೊಂಡು, ಮೂಲ ಸದ್ದನ್ನು ಆಡಾಸಿಟಿ ಅನ್ನುವ ಸದ್ದಿನ ತಂತ್ರಾಂಶದಲ್ಲಿ ನಾನೇ ಹುಟ್ಟಿಸಿದೆ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಹೆಡ್‌ಫೋನ್ ಒತ್ತಿ ಹಿಡಿದುಕೊಂಡು ಕೇಳಬೇಕಿತ್ತು, ಎಷ್ಟೋ ಸಲ ಕರೆಂಟ್ ಹೋಗಿ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಕೆಲಸ. ಕಲಿತ ಒಂದು ಪಾಠ ಹೇಳುತ್ತೇನೆ: ಒಂದೇ ಸದ್ದನ್ನು ತುಂಬಾ ಎಳೆದು ಏರಿಸಿದರೆ ಇಲಿ ಕೂಗಿದ ಹಾಗೆ ಆಗುತ್ತದೆ. ವೇಗವನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೆ ಬೇರೆ ಫೈಲ್ ಇಡಿ. ಹಾಗೆ ಮಾಡಿದ ದಿನ, ರೈಲು ಮೊದಲ ಸಲ ಸರಿಯಾದ ದನಿಯಲ್ಲಿ ಹೊರಟಾಗ, ನಾನು ಹತ್ತು ಸಲ ನಿಲ್ಲಿಸಿ ಹತ್ತು ಸಲ ಹೊರಡಿಸಿದೆ.

ಹೊರಗಿನ ಮೈಯನ್ನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಮಾಡಿ ತಂದೆ. ಒಂದು ಬದಿಗೆ ನಾಲ್ಕು ಬಾಗಿಲು, ಅಗಲ 2.8 ಮೀಟರ್, ಚಪ್ಪಟೆ ಬದಿ, ಕಷ್ಟವೇನಲ್ಲ. ಆದರೆ ಸ್ಟೀಲಿನ ಹೊಳಪು ತಾನಾಗಿ ಬರುವುದಿಲ್ಲ, ಹಾಗೇ ಬಿಟ್ಟರೆ ಸಿಮೆಂಟ್ ಗೋಡೆ ಥರ ಕಾಣುತ್ತದೆ. ಬೆಳಕು ನೆರಳನ್ನು ಟೆಕ್ಸ್ಚರ್‌ನಲ್ಲೇ, ಅಂದರೆ ಮೈಗೆ ಅಂಟಿಸುವ ಚಿತ್ರದಲ್ಲೇ, ಬರೆದುಕೊಳ್ಳಬೇಕು. ಚಿತ್ರದ ಅಂದಕ್ಕೆ ಅಂತಲೇ ಸಿಮ್ಯುಲೇಟರ್ ಹುಡುಕುವವರು ಇದನ್ನು ಮೆಚ್ಚುವುದು ಕಷ್ಟ. ಇನ್ನೊಂದು ಕಿರಿಕಿರಿ, ಹಳೆಯ ಜಪಾನಿ ಫೈಲುಗಳು ಶಿಫ್ಟ್-ಜಿಸ್ ಎನ್‌ಕೋಡಿಂಗ್‌ನಲ್ಲಿ (ಜಪಾನಿ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಒಂದು ಪದ್ಧತಿ) ಇರುತ್ತವೆ, ಜಿಪ್ ಬಿಚ್ಚಿದರೆ ಹೆಸರೆಲ್ಲ ಕಲಸಿಹೋಗಿರುತ್ತದೆ, ಹಾಗಾದಾಗ ರೈಲಿಗೆ ತನ್ನ ಚಿತ್ರಗಳೇ ಸಿಗುವುದಿಲ್ಲ. ಬಿಚ್ಚುವಾಗಲೇ ಎನ್‌ಕೋಡಿಂಗ್ ಹೇಳಿಕೊಡಿ.

ಸಹಾಯದ ಪುಟಗಳು ಇಂಗ್ಲಿಷ್‌ನಲ್ಲಿವೆ. ಪ್ರತಿ ಸಾಲಿಗೂ ವಿವರಣೆ, ಎಲ್ಲಿ ಯಾವ ಅಳತೆ ಅನ್ನುವುದೂ ಇದೆ. ನಾನು ಮೇಷ್ಟ್ರಿಲ್ಲದೆ ಕಲಿತದ್ದು ಅದರಿಂದಲೇ. ರೈಲು ಅಂದರೆ ಹುಚ್ಚು ಇದ್ದು, ತಾಳ್ಮೆಯೂ ಇರುವವರು ಕಣ್ಣು ಮುಚ್ಚಿ ಇಳಿಸಿಕೊಳ್ಳಿ.

ನನ್ನ 209ಕ್ಕೆ ಬಾಕಿ ಇರುವುದು ಬ್ರೇಕ್ ಸದ್ದು. ನಿಲ್ಲುವ ಮುಂಚೆ ಮೋಟಾರಿನ ಬ್ರೇಕ್ ಬಿಟ್ಟು ಗಾಳಿಯ ಬ್ರೇಕ್ ಹಿಡಿಯುವ ಜಾಗ ಇನ್ನೂ ಸರಿಯಾಗಿ ಕೂತಿಲ್ಲ. ಹುತ್ತರಿ ಹೊತ್ತಿಗೆ ಅದು ಮುಗಿದರೆ 1985ರ 205 ಸರಣಿ ಶುರು ಮಾಡುತ್ತೇನೆ. ಅದರಲ್ಲಿ ಇನ್ವರ್ಟರ್ ಇಲ್ಲ, ಡಿಸಿ ಮೋಟಾರ್, ಆ ಸದ್ದನ್ನು ಮೊದಲಿನಿಂದ ಕೇಳಿಸಿಕೊಳ್ಳಬೇಕು.