ಲಿಂಬರ್ಗ್, ಹೋಗೆ ವೆಲುವೆ, ಡ್ವಿಂಗೆಲ್ಡರ್‌ವೆಲ್ಡ್: ವಾಹನವಿಲ್ಲದ ದಾರಿಯ ಸೈಕಲ್ ಪ್ರವಾಸಕ್ಕೆ ಯಾವುದು ಮೇಲು?

ಕಾರು, ಬೈಕುಗಳ ಕಾಟವಿಲ್ಲದ ದಾರಿಯಲ್ಲಿ, ಏರುತಗ್ಗಿಲ್ಲದ ನೆಲದಲ್ಲಿ, ಹೀದರ್ ಪೊದೆಗಳ ಬಯಲು, ಕಾಡು, ಜೌಗುಗಳ ನಡುವೆ ದಿನವಿಡೀ ಸೈಕಲ್ ತುಳಿಯಬೇಕೆಂಬ ಆಸೆಯಿಂದ ಮೂರು ಪ್ರದೇಶಗಳನ್ನು ಸುತ್ತಿ ಬಂದಿದ್ದೇನೆ: ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯ, ನೆದರ್ಲೆಂಡ್ಸ್‌ನ ಹೋಗೆ ವೆಲುವೆ ರಾಷ್ಟ್ರೀಯ ಉದ್ಯಾನ, ಅದೇ ದೇಶದ ಈಶಾನ್ಯ ಭಾಗದ ಡ್ವಿಂಗೆಲ್ಡರ್‌ವೆಲ್ಡ್. ಮೂರೂ ಸುಂದರವಾದ ಜಾಗಗಳೇ. ಆದರೆ ಬೆಂಗಳೂರಿನಿಂದ ಮತ್ತೊಮ್ಮೆ ಟಿಕೆಟ್ ತೆಗೆದುಕೊಂಡು ಹೊರಡುವುದಾದರೆ ನಾನು ಹೋಗುವುದು ಲಿಂಬರ್ಗ್‌ಗೆ. ನೆದರ್ಲೆಂಡ್ಸ್‌ನಲ್ಲಿಯೂ ಲಿಂಬರ್ಗ್ ಎಂಬ ಪ್ರಾಂತ್ಯವಿದೆ. ನಾನು ಹೇಳುತ್ತಿರುವುದು ಅದಕ್ಕೆ ತಾಗಿಕೊಂಡಿರುವ ಬೆಲ್ಜಿಯಂನ ಲಿಂಬರ್ಗ್ ಬಗ್ಗೆ.

ನನ್ನ ಅಳತೆಗೋಲು ಏನೆಂದು ಮೊದಲೇ ತಿಳಿಸುವುದು ಒಳ್ಳೆಯದು. ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರೆಲ್ಲರಂತೆ ನಾನೂ ಬೆಳಗಿನ ಐದು ಗಂಟೆಯ ಸವಾರ. ಹೆಸರಘಟ್ಟದ ಹುಲ್ಲುಗಾವಲಿನ ಕಡೆಗೆ ಹೋಗಲಿ, ನಂದಿಬೆಟ್ಟದ ದಾರಿ ಹಿಡಿಯಲಿ, ಲಾರಿಗಳೂ ಶಾಲಾ ವಾಹನಗಳೂ ರಸ್ತೆಗಿಳಿಯುವ ಮೊದಲು ಮನೆ ಸೇರಬೇಕೆಂಬ ಲೆಕ್ಕಾಚಾರ ಮೈಗೂಡಿಬಿಟ್ಟಿದೆ. ಎರಡನೆಯದಾಗಿ, ನನ್ನ ಮೊಣಕಾಲು ಏರುದಾರಿಯನ್ನು ಸಹಿಸುವುದಿಲ್ಲ. ಮೂರನೆಯದಾಗಿ, ತಂಗಿಯ ಮನೆ ನೆದರ್ಲೆಂಡ್ಸ್‌ನ ದಕ್ಷಿಣದ ಐಂಡ್‌ಹೋವನ್ ನಗರದಲ್ಲಿರುವುದರಿಂದ ವಸತಿಯ ಖರ್ಚು ಬಹುಪಾಲು ಉಳಿಯುತ್ತದೆ. ಉಳಿದದ್ದನ್ನು ರೂಪಾಯಿ ಲೆಕ್ಕದಲ್ಲಿಯೇ ಯೋಚಿಸಬೇಕಾಗುತ್ತದೆ. ಈ ಮೂರೂ ನಿಮಗೆ ಅನ್ವಯಿಸದಿದ್ದರೆ ನನ್ನ ತೀರ್ಪೂ ಅನ್ವಯಿಸಬೇಕಾಗಿಲ್ಲ.

ಲಿಂಬರ್ಗ್‌ನ ಮೇಲ್ಮೆ ಅಲ್ಲಿನ ದಾರಿಗಳನ್ನು ಜೋಡಿಸಿರುವ ಕ್ರಮದಲ್ಲಿದೆ. ಸೈಕಲ್ ದಾರಿಗಳು ಒಂದನ್ನೊಂದು ಕೂಡುವ ಪ್ರತಿಯೊಂದು ಜಾಗಕ್ಕೂ ಒಂದು ಸಂಖ್ಯೆ ಕೊಟ್ಟು, ಅಲ್ಲಿ ಫಲಕ ನಿಲ್ಲಿಸಿ, ಮುಂದಿನ ಸಂಖ್ಯೆಗಳ ಕಡೆಗೆ ಬಾಣದ ಗುರುತು ಹಾಕಿದ್ದಾರೆ. ಹೊರಡುವ ಮುನ್ನ ನಕ್ಷೆ ನೋಡಿ, ಹೋಗಬೇಕಾದ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಸಾಕು, ಫೋನನ್ನು ಜೇಬಿನಿಂದ ತೆಗೆಯುವ ಅಗತ್ಯವೇ ಬೀಳುವುದಿಲ್ಲ. ಇದನ್ನು ರೂಪಿಸಿದವರು ಹ್ಯೂಗೊ ಬೊಲೆನ್ ಎಂಬ ಗಣಿ ಎಂಜಿನಿಯರ್. ನೆಲದಡಿಯ ಸುರಂಗಗಳಲ್ಲಿ ಕಾರ್ಮಿಕರು ದಾರಿ ತಪ್ಪದಿರಲು ಕವಲುಗಳಿಗೆ ಸಂಖ್ಯೆ ಹಾಕುತ್ತಿದ್ದ ಪದ್ಧತಿಯನ್ನೇ ಅವರು ನೆಲದ ಮೇಲಿನ ಸೈಕಲ್ ದಾರಿಗಳಿಗೆ ತಂದರು. ಲಿಂಬರ್ಗ್‌ನ ಕೊನೆಯ ಕಲ್ಲಿದ್ದಲು ಗಣಿ ಮುಚ್ಚಿದ್ದು 1992ರಲ್ಲಿ. ಸಂಖ್ಯೆಗಳ ಮೊದಲ ಜಾಲ ಆರಂಭವಾದದ್ದು 1995ರಲ್ಲಿ. ಈಗ ಅದು ಆ ಪ್ರಾಂತ್ಯವೊಂದರಲ್ಲಿಯೇ ಸುಮಾರು 2,000 ಕಿ.ಮೀ. ಹಬ್ಬಿದೆ, ನೆದರ್ಲೆಂಡ್ಸ್ ಕೂಡ ಇದೇ ಪದ್ಧತಿಯನ್ನು ಅಳವಡಿಸಿಕೊಂಡಿದೆ.

ಇದರಿಂದ ಸವಾರನಿಗೆ ಆಗುವ ಅನುಕೂಲವನ್ನು ಅಲ್ಲಿ ತುಳಿದವರೇ ಬಲ್ಲರು. ಮಧ್ಯಾಹ್ನದ ಹೊತ್ತಿಗೆ ಕಾಲು ಸೋತರೆ ಮುಂದಿನ ಫಲಕದ ಬಳಿ ನಿಂತು, ಪಟ್ಟಿಯ ನಡುವಿನ ನಾಲ್ಕಾರು ಸಂಖ್ಯೆಗಳನ್ನು ಬಿಟ್ಟು ಹತ್ತಿರದ ದಾರಿಯಲ್ಲಿ ಹಿಂದಿರುಗಬಹುದು. ಉತ್ಸಾಹ ಉಳಿದಿದ್ದರೆ ಇನ್ನೊಂದು ಸುತ್ತು ಸೇರಿಸಿಕೊಳ್ಳಬಹುದು. ದಿನದ ದೂರವನ್ನು ಬೇರೆ ಯಾರೂ ನಿಗದಿ ಮಾಡಿರುವುದಿಲ್ಲ. ಬಾಗಿಲಿಲ್ಲ, ಟಿಕೆಟ್ಟಿಲ್ಲ, ತೆರೆಯುವ ಮುಚ್ಚುವ ವೇಳೆಯಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಐದೂವರೆಗೆಲ್ಲ ಬಿಸಿಲು ಬಿದ್ದಿರುತ್ತದೆ. ಆ ಹೊತ್ತಿಗೆ ಕಾಡಿನೊಳಗೆ ಒಬ್ಬನೇ ಹೋಗುತ್ತಿರುವಾಗ ಹಿಂದಿನಿಂದ ಹಾರ್ನ್ ಕೇಳಿಸುವುದಿಲ್ಲ ಎಂಬುದನ್ನು ನಂಬಲು ನನ್ನಂಥವನಿಗೆ ಸ್ವಲ್ಪ ಕಾಲ ಬೇಕಾಯಿತು.

ಐಂಡ್‌ಹೋವನ್‌ನಿಂದ ದಕ್ಷಿಣಕ್ಕೆ ಲೇಂಡರ್‌ಬೋಸ್ ಕಾಡನ್ನು ಹಾದು, ಗಡಿಯಲ್ಲೇ ಇರುವ ಆಖೆಲ್ ಸನ್ಯಾಸಿ ಮಠದ ಬಳಿ ಬೆಲ್ಜಿಯಂ ಸೇರಿ, ಹೆಖ್ಟೆಲ್-ಎಕ್ಸೆಲ್ ಕಡೆಗೆ ಹೋಗುವ ದಾರಿಯನ್ನು ನಾನು ಯಾರಿಗಾದರೂ ಶಿಫಾರಸು ಮಾಡುತ್ತೇನೆ. ಷೆಂಗೆನ್ ವೀಸಾ ಒಂದೇ ಇದ್ದರೆ ಎರಡೂ ದೇಶಗಳಿಗೆ ಸಾಲುತ್ತದೆ, ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ದಾರಿಯುದ್ದಕ್ಕೂ ಕಾಣುವ ಪೈನ್ ಕಾಡು ತಾನಾಗಿ ಬೆಳೆದದ್ದಲ್ಲ. ಶತಮಾನಗಳ ಕಾಲ ಇಲ್ಲಿ ಇದ್ದದ್ದು ಹೀದರ್ ಬಯಲು. ಹೀದರ್ ಎಂದರೆ ಬಡ ಮರಳುಮಣ್ಣಿನಲ್ಲಿ ಮೊಣಕಾಲೆತ್ತರ ಬೆಳೆಯುವ ಗಟ್ಟಿ ಕಾಂಡದ ಪೊದೆ. ರೈತರು ಕುರಿಗಳನ್ನು ಹಗಲು ಅದರಲ್ಲಿ ಮೇಯಿಸಿ, ರಾತ್ರಿ ಕೊಟ್ಟಿಗೆಗೆ ತಂದು, ಬಯಲಿನ ಮೇಲ್ಪದರವನ್ನೇ ಹೆಂಟೆಹೆಂಟೆಯಾಗಿ ಕೆತ್ತಿ ತಂದು ಗೊಬ್ಬರದೊಂದಿಗೆ ಬೆರೆಸಿ ಹೊಲಕ್ಕೆ ಹಾಕುತ್ತಿದ್ದರು. ಹಾಗೆ ಮೇದು, ಕೆತ್ತಿ ನೆಲವನ್ನು ಬಡವಾಗಿಯೇ ಇಟ್ಟದ್ದರಿಂದ ಅಲ್ಲಿ ಮರ ಏಳದೆ ಹೀದರ್ ಉಳಿಯಿತು. ರಾಸಾಯನಿಕ ಗೊಬ್ಬರ ಬಂದ ಮೇಲೆ ಬಯಲಿನ ಉಪಯೋಗ ತಪ್ಪಿತು, ಗಣಿ ಸುರಂಗಗಳಿಗೆ ಆನಿಕೆಯ ಮರ ಬೇಕಾದಾಗ ಪೈನ್ ನೆಟ್ಟರು. ಪೈನ್ ಮರ ಭಾರಕ್ಕೆ ಮುರಿಯುವ ಮೊದಲು ಲಟಲಟನೆ ಸದ್ದು ಮಾಡಿ ಎಚ್ಚರಿಸುತ್ತದೆ ಎಂಬ ಕಾರಣಕ್ಕೆ ಗಣಿಯವರಿಗೆ ಅದರ ಮೇಲೆ ಹೆಚ್ಚಿನ ನಂಬಿಕೆಯಿತ್ತು. ಈಗ ಉಳಿದಿರುವ ಬಯಲುಗಳನ್ನು ಮತ್ತೆ ಕುರಿಮಂದೆ ಬಿಟ್ಟು, ಎದ್ದ ಗಿಡಗಳನ್ನು ಕಿತ್ತು ಕಾಪಾಡುತ್ತಿದ್ದಾರೆ. ಹೆಸರಘಟ್ಟದ ಹುಲ್ಲುಗಾವಲನ್ನು ಪಾಳುಭೂಮಿ ಎಂದು ಕರೆದು, ಅಲ್ಲಿ ಏನಾದರೂ ಕಟ್ಟಬೇಕು ಅಥವಾ ಮರ ನೆಡಬೇಕು ಎಂದು ಹೇಳುವವರು ಈ ಬಯಲುಗಳನ್ನು ಒಮ್ಮೆ ನೋಡಬೇಕು.

ಲಿಂಬರ್ಗ್‌ನಲ್ಲಿ ಪ್ರವಾಸಿಗರು ಹುಡುಕಿಕೊಂಡು ಹೋಗುವ ಮೂರು ನಿರ್ಮಾಣಗಳಿವೆ. ಬೊಕ್ರೈಕ್ ಬಳಿ 2016ರಲ್ಲಿ ತೆರೆದ ದಾರಿ ಕೆರೆಯೊಂದನ್ನು ಸೀಳಿಕೊಂಡು ಇನ್ನೂರು ಮೀಟರ್‌ಗಿಂತ ತುಸು ಹೆಚ್ಚು ಸಾಗುತ್ತದೆ. ದಾರಿ ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಎರಡೂ ಬದಿಯ ನೀರು ಸವಾರನ ಕಣ್ಣಿನ ಎತ್ತರಕ್ಕೆ ಬರುತ್ತದೆ, ಹಂಸಗಳು ಭುಜದ ಪಕ್ಕದಲ್ಲೇ ತೇಲುತ್ತವೆ. ಹೆಖ್ಟೆಲ್-ಎಕ್ಸೆಲ್‌ನ ಬೊಸ್‌ಲಾಂಡ್ ಕಾಡಿನಲ್ಲಿ 2019ರಲ್ಲಿ ತೆರೆದ 700 ಮೀಟರ್ ಉದ್ದದ ವೃತ್ತಾಕಾರದ ಸೇತುವೆ ಮೆಲ್ಲಮೆಲ್ಲನೆ ಏರಿ ಹತ್ತು ಮೀಟರ್ ಎತ್ತರದಲ್ಲಿ ಪೈನ್ ಮರಗಳ ನಡುವೆ ತಂದು ನಿಲ್ಲಿಸುತ್ತದೆ. ಏರಿಕೆ ಎಷ್ಟು ಸಾವಕಾಶವೆಂದರೆ ನನ್ನ ಮೊಣಕಾಲಿಗೂ ತಿಳಿಯಲಿಲ್ಲ. ಮಾಸ್‌ಮೆಖೆಲೆನ್ ಬಳಿಯ ಹೀದರ್ ಬಯಲಿನ ಮರದ ಸೇತುವೆ 2021ರದು. ನನಗೆ ಈ ಮೂರಕ್ಕಿಂತಲೂ ಇಷ್ಟವಾದದ್ದು ಬೊಕ್ರೈಕ್ ಸುತ್ತಲಿನ ಕೆರೆಗಳೇ. ದ ವೈಯರ್ಸ್ ಎಂಬ ಆ ಪ್ರದೇಶದಲ್ಲಿ ಸಾವಿರಕ್ಕೂ ಹೆಚ್ಚು ಕೆರೆಗಳಿದ್ದು, ಬಹಳಷ್ಟನ್ನು ಮೀನು ಸಾಕಲೆಂದು ಮನುಷ್ಯರೇ ತೋಡಿದ್ದಾರೆ, ತೊರೆಗಳು ಅವುಗಳಿಗೆ ನೀರು ಒದಗಿಸುತ್ತವೆ. ಒಂದು ಕೆರೆ ತುಂಬಿ ಕೋಡಿ ಬಿದ್ದು ಇನ್ನೊಂದಕ್ಕೆ ಹರಿಯುತ್ತಿದ್ದ ನಮ್ಮ ಬೆಂಗಳೂರಿನ ಕೆರೆಸಾಲು ರಾಜಕಾಲುವೆಗಳೊಂದಿಗೆ ಹಾಗೆಯೇ ಉಳಿದಿದ್ದರೆ ಹೇಗಿರುತ್ತಿತ್ತೋ, ಅದನ್ನು ಅಲ್ಲಿ ಸೈಕಲ್ ಮೇಲೆ ಕುಳಿತು ನೋಡಬಹುದು.

ಕೊರತೆಗಳೂ ಇವೆ. ಜಾಲವೆಲ್ಲವೂ ವಾಹನಮುಕ್ತವಲ್ಲ, ಊರುಗಳ ಬಳಿ ಕೆಲವು ತುಂಡುಗಳು ರಸ್ತೆಯ ಪಕ್ಕದಲ್ಲಿಯೇ ಹೋಗುತ್ತವೆ. ಹಳೆಯ ಕಾಂಕ್ರೀಟ್ ಹಾಸುಗಳ ಸಂದುಗಳು ಬೆನ್ನಿಗೆ ತಟ್ಟುತ್ತವೆ. ಭಾನುವಾರ ಮಧ್ಯಾಹ್ನ ನೀರಿನ ನಡುವಿನ ದಾರಿಯಲ್ಲಿ ಸೈಕಲ್ ಇಳಿದು ತಳ್ಳಿಕೊಂಡು ಹೋಗುವಷ್ಟು ಜನ ಸೇರಿರುತ್ತಾರೆ. ಬೆಳಿಗ್ಗೆ ಬೇಗ ಹೋಗುವವರಿಗೆ ಆ ತೊಂದರೆಯಿಲ್ಲ.

ಇನ್ನು ಹೋಗೆ ವೆಲುವೆ. ಶ್ರೀಮಂತ ಉದ್ಯಮಿ ಕುಟುಂಬದ ಕ್ರೋಲರ್-ಮ್ಯೂಲರ್ ದಂಪತಿ ಬೇಟೆಗಾಗಿ ಕೊಂಡ ಎಸ್ಟೇಟು 1935ರಲ್ಲಿ ಪ್ರತಿಷ್ಠಾನವೊಂದರ ಕೈಗೆ ಬಂದು ಉದ್ಯಾನವಾಯಿತು. ವಿಸ್ತೀರ್ಣ ಸುಮಾರು 5,400 ಹೆಕ್ಟೇರ್. ಕಾಡು, ಹೀದರ್ ಬಯಲು, ಗಾಳಿಗೆ ಸರಿದಾಡುವ ಮರಳುದಿಬ್ಬ, ಕೆಂಜಿಂಕೆ, ಕಾಡುಹಂದಿ ಎಲ್ಲವೂ ಒಂದೇ ಬೇಲಿಯೊಳಗೆ ಸಿಗುತ್ತವೆ. ನಡುವೆ ಇರುವ ಮ್ಯೂಸಿಯಂನಲ್ಲಿ ವಾನ್ ಗೋ ಅವರ ಸುಮಾರು 90 ವರ್ಣಚಿತ್ರಗಳ ಸಂಗ್ರಹವಿದೆ. ಅದೊಂದಕ್ಕಾಗಿಯೇ ಹೋದರೂ ನಷ್ಟವಿಲ್ಲ. ಒಳಗೆ ಹೋದವರು ಬಿಳಿ ಬಣ್ಣದ ಸೈಕಲ್ ತೆಗೆದುಕೊಂಡು ಎಲ್ಲಿ ಬೇಕಾದರೂ ಸುತ್ತಬಹುದು, ಬಾಡಿಗೆಯಿಲ್ಲ. 1974ರಿಂದ ನಡೆದು ಬಂದಿರುವ ಈ ವ್ಯವಸ್ಥೆಯಲ್ಲಿ ಈಗ ಸುಮಾರು 1,800 ಸೈಕಲ್‌ಗಳಿವೆ. ಓದಲು ಇದು ಲಿಂಬರ್ಗ್‌ಗಿಂತ ಆಕರ್ಷಕವಾಗಿದೆ. ತಂಗಿಯೂ ಅದನ್ನೇ ಹೇಳಿದ್ದಳು: "ಅಣ್ಣಾ, ನಿನ್ನ ಬಾಡಿಗೆ ಸೈಕಲ್ ಇಲ್ಲೇ ಬಿಟ್ಟು ಹೋಗು, ಅಲ್ಲಿ ಬಿಟ್ಟಿಯಾಗಿ ಕೊಡ್ತಾರೆ."

ಆ ಸೈಕಲ್‌ನ ಬ್ರೇಕ್ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ನಮ್ಮ ಕಡೆಯ ಸವಾರರಿಗೆ ಇಡೀ ದಿನದ ಅನುಭವ ಅದರ ಮೇಲೆಯೇ ನಿಂತಿದೆ. ಹ್ಯಾಂಡಲ್ ಮೇಲೆ ಬ್ರೇಕ್ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂದಿನ ಚಕ್ರದ ಹಬ್ಬಿನೊಳಗೆ ಬ್ರೇಕ್ ಹಿಡಿಯುತ್ತದೆ. ಮಳೆಯಲ್ಲಿ ನೆನೆಯದ, ತಂತಿ ಸಡಿಲವಾಗದ, ರಿಪೇರಿ ಕಡಿಮೆ ಬೇಡುವ ಏರ್ಪಾಡು ಇದು. ನೂರಾರು ಜನರ ಕೈ ದಾಟುವ ಸೈಕಲ್‌ಗಳಿಗೆ ಅದನ್ನು ಆರಿಸಿದ್ದರಲ್ಲಿ ಅರ್ಥವಿದೆ. ನೆದರ್ಲೆಂಡ್ಸ್‌ನ ಮಕ್ಕಳು ಇದರ ಮೇಲೆಯೇ ಸೈಕಲ್ ಕಲಿಯುತ್ತಾರೆ.

ಬೆಂಗಳೂರಿನ ಕೈಗಳು ಕಲಿತಿರುವುದು ಬೇರೆ. ಗುಂಡಿ, ನಾಯಿ, ಎಡಗಡೆಯಿಂದ ನುಗ್ಗುವ ಆಟೋ ಇವುಗಳ ನಡುವೆ ತುಳಿಯುವವನ ಎರಡು ಬೆರಳು ಯಾವಾಗಲೂ ಬ್ರೇಕಿನ ಮೇಲೆಯೇ ಇರುತ್ತವೆ. ಉದ್ಯಾನದ ತಿರುವಿನಲ್ಲಿ ಎದುರಿನಿಂದ ಮಕ್ಕಳ ಗುಂಪು ಬಂದಾಗ ಬೆರಳುಗಳು ಮುಚ್ಚಿಕೊಳ್ಳುತ್ತವೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಕಾಲಿಗೆ ಸುದ್ದಿ ಮುಟ್ಟಿ ಅದು ಹಿಂದಕ್ಕೆ ಒತ್ತುವಷ್ಟರಲ್ಲಿ ಒಂದೆರಡು ಮೀಟರ್ ಮುಂದೆ ಹೋಗಿರುತ್ತೇವೆ. ಅದಕ್ಕಿಂತ ಹೆಚ್ಚು ಕಾಡುವುದು ನಿಂತ ಮೇಲೆ ಮತ್ತೆ ಹೊರಡುವ ಗಳಿಗೆ. ಸಿಗ್ನಲ್‌ನಲ್ಲಿ ನಿಂತಾಗ ನಾವೆಲ್ಲರೂ ಪೆಡಲನ್ನು ಕಾಲ್ಬೆರಳಿನಿಂದ ಹಿಂದಕ್ಕೆ ತಿರುಗಿಸಿ, ಬಲಗಾಲಿನದನ್ನು ಮೇಲಕ್ಕೆ ತಂದು ಸಿದ್ಧವಾಗಿರುತ್ತೇವೆ. ಈ ಸೈಕಲ್‌ನಲ್ಲಿ ಪೆಡಲ್ ಹಿಂದಕ್ಕೆ ತಿರುಗುವುದೇ ಇಲ್ಲ, ನಿಂತ ಜಾಗದಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಪೆಡಲ್ ಕೆಳಗಿದ್ದಾಗ ನಿಂತಿದ್ದರೆ ಎರಡು ದಾರಿಗಳಿವೆ: ಕ್ಯಾರಿಯರ್ ಹಿಡಿದು ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಪೆಡಲನ್ನು ಮುಂದಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲವೇ ಎರಡು ಹೆಜ್ಜೆ ಸೈಕಲನ್ನು ತಳ್ಳಿಕೊಂಡು ಹೋಗಿ ಹತ್ತಬೇಕು. ಜಿಂಕೆ ಕಂಡಿತೆಂದು, ಹೀದರ್ ಮೇಲೆ ಬೆಳಕು ಚೆನ್ನಾಗಿದೆಯೆಂದು ಮತ್ತೆ ಮತ್ತೆ ನಿಲ್ಲುವ ನನ್ನಂಥವನಿಗೆ ಇದು ಪ್ರತಿ ನಿಲುಗಡೆಯಲ್ಲಿಯೂ ಎದುರಾಗುವ ಕೆಲಸ. ಗೇರ್ ಕೂಡ ಇಲ್ಲದ್ದರಿಂದ, ಪೆಡಲ್ ಸರಿಯಾದ ಎತ್ತರದಲ್ಲಿ ಇಲ್ಲದಿದ್ದರೆ ಮೊದಲ ಒತ್ತಿನ ಭಾರವೆಲ್ಲ ಮೊಣಕಾಲಿನ ಮೇಲೆಯೇ ಬೀಳುತ್ತದೆ.

ಉಪಾಯವೊಂದಿದೆ. ನಿಲ್ಲುವ ಕೊನೆಯ ಸುತ್ತಿನಲ್ಲಿಯೇ ಬಲ ಪೆಡಲ್ ಮೇಲಿನಿಂದ ತುಸು ಮುಂದಕ್ಕೆ ಬಂದಾಗ ಬ್ರೇಕ್ ಒತ್ತಿದರೆ ಅದು ಅಲ್ಲಿಯೇ ನಿಲ್ಲುತ್ತದೆ, ಹೊರಡುವುದು ಸುಲಭವಾಗುತ್ತದೆ. ಸಂಜೆಯ ಹೊತ್ತಿಗೆ ಅದು ನನಗೆ ಕೈವಶವಾಗಿತ್ತು. ಆದರೆ ಒಂದೇ ದಿನದ ಭೇಟಿಗೆ ಹೋದವರು ಆ ದಿನದ ಬಹುಭಾಗವನ್ನು ಕಾಲಿನ ಪಾಠದಲ್ಲಿ ಕಳೆಯಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಸ್ವಂತ ಬಾಡಿಗೆ ಸೈಕಲನ್ನೇ ರೈಲಿನಲ್ಲಿ ಒಯ್ಯಬಹುದಲ್ಲ ಎನ್ನಬಹುದು. ನೆದರ್ಲೆಂಡ್ಸ್‌ನ ರೈಲುಗಳಲ್ಲಿ ಸೈಕಲ್‌ಗೆ ಪ್ರತ್ಯೇಕ ಟಿಕೆಟ್ ಬೇಕು, ಕೆಲಸದ ದಿನಗಳಲ್ಲಿ ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಉದ್ಯಾನದ ಬಾಗಿಲೂ ಬೇಸಿಗೆಯಲ್ಲಿ ಎಂಟು ಗಂಟೆಗೆ ತೆರೆಯುತ್ತದೆ. ಐದು ಗಂಟೆಗೆ ಎದ್ದು ಕುಳಿತವನಿಗೆ ದಿನದ ಅತ್ಯುತ್ತಮ ಗಂಟೆಗಳು ಕಾಯುವುದರಲ್ಲಿಯೇ ಮುಗಿದಿರುತ್ತವೆ. ಪ್ರವೇಶ ಟಿಕೆಟ್ಟಿನ ಹಣಕ್ಕೆ ಸ್ವಲ್ಪ ಸೇರಿಸಿದರೆ ಕೈಬ್ರೇಕ್, ಗೇರ್ ಇರುವ ಒಳ್ಳೆಯ ಸೈಕಲ್‌ನ ಒಂದು ದಿನದ ಬಾಡಿಗೆಯಾಗುತ್ತದೆ. ಒಳಗಿನ ಸೈಕಲ್ ದಾರಿಗಳ ಒಟ್ಟು ಉದ್ದ ಸುಮಾರು 40 ಕಿ.ಮೀ.; ದಿನವಿಡೀ ತುಳಿಯುವವನಿಗೆ ಎರಡನೆಯ ದಿನಕ್ಕೆ ಹೊಸದೇನೂ ಉಳಿಯುವುದಿಲ್ಲ.

ಡ್ವಿಂಗೆಲ್ಡರ್‌ವೆಲ್ಡ್ ಬಗ್ಗೆ ನನಗೆ ದೂರುಗಳಿಲ್ಲ, ದೂರದ್ದೇ ಸಮಸ್ಯೆ: ಐಂಡ್‌ಹೋವನ್‌ನಿಂದ ರೈಲಿನಲ್ಲಿ ಎರಡು ಗಂಟೆಗೂ ಹೆಚ್ಚು. ಸುಮಾರು 3,700 ಹೆಕ್ಟೇರ್‌ನ ಈ ಪ್ರದೇಶದ ಜೌಗು ಹೀದರ್ ಬಯಲು ಪಶ್ಚಿಮ ಯುರೋಪಿನಲ್ಲಿ ಈ ಬಗೆಯದರಲ್ಲಿ ಅತಿ ದೊಡ್ಡದೆಂದು ಹೆಸರಾಗಿದೆ. ಅದರ ಅಂಚಿನಲ್ಲಿ 1956ರ ಡ್ವಿಂಗೆಲೋ ರೇಡಿಯೊ ದೂರದರ್ಶಕ ನಿಂತಿದೆ. ಮೂರರಲ್ಲಿ ಹೆಚ್ಚು ನಿಶ್ಶಬ್ದವಾದದ್ದೂ, ಹಕ್ಕಿ ನೋಡುವವರಿಗೆ ಹೆಚ್ಚು ಒದಗಿಬರುವುದೂ ಇದೇ. ಬಯಲಿನಲ್ಲಿ ಮರೆಯಿಲ್ಲದ್ದರಿಂದ ಎದುರುಗಾಳಿ ಮಾತ್ರ ಏರುದಾರಿಯಷ್ಟೇ ದಣಿಸುತ್ತದೆ. ಉತ್ತರದ ಕಡೆ ಉಳಿಯಲು ಜಾಗವಿದ್ದವರು ಲಿಂಬರ್ಗ್ ಬಿಟ್ಟು ಇದನ್ನೇ ಆರಿಸಿಕೊಂಡರೆ ನಾನು ವಾದಿಸುವುದಿಲ್ಲ.

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಬೆಲ್ಜಿಯಂನ ದಾರಿಬದಿಯ ಅಂಗಡಿಗಳಲ್ಲಿ ಸಿಗುವ ಆಲೂಗಡ್ಡೆ ಫ್ರೈಸನ್ನು ಅನೇಕ ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ನಾನು ತಂಗಿ ಕಟ್ಟಿಕೊಟ್ಟ ಚಪಾತಿ, ಚಟ್ನಿಪುಡಿಯನ್ನು ನಂಬಿದ್ದೆ.

ಮಕ್ಕಳೊಂದಿಗೆ ಒಂದೇ ದಿನಕ್ಕೆ ಹೋಗುವವರು, ಚಿತ್ರಕಲೆಯಲ್ಲಿ ಆಸಕ್ತಿಯುಳ್ಳವರು, ಸೈಕಲ್‌ಗಿಂತ ಜಿಂಕೆಯ ಮೇಲೆ ಕಣ್ಣಿಟ್ಟವರು ಹೋಗೆ ವೆಲುವೆಗೇ ಹೋಗಲಿ. ಬೆಳಗಿನ ಜಾವಕ್ಕೆ ಎದ್ದು, ತನಗೆ ಬೇಕಾದಷ್ಟು ದೂರ ತುಳಿದು, ಆಯಾಸವಾದಲ್ಲಿ ತಿರುಗಿ ಬರುವವನಿಗೆ ಲಿಂಬರ್ಗ್ ಸರಿ. ಐಂಡ್‌ಹೋವನ್‌ನಲ್ಲಿಯೇ ವಾರದ ಬಾಡಿಗೆಗೆ ಕೈಬ್ರೇಕ್ ಇರುವ, ಕ್ಯಾರಿಯರ್‌ಗೆ ಎರಡು ಚೀಲ ತೂಗುಹಾಕಬಹುದಾದ ಸೈಕಲ್ ಕೇಳಿ ಪಡೆಯಬೇಕು. ದಿನದ ಬಾಡಿಗೆಗಿಂತ ಅದು ಅಗ್ಗ. ಹೀದರ್ ಹೂ ನೋಡಲೇಬೇಕೆಂದಿದ್ದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಆರಂಭದೊಳಗೆ ಹೋಗಬೇಕು. ದೀರ್ಘ ಹಗಲು ಬೇಕೆಂದಿದ್ದರೆ ಜೂನ್ ಒಳ್ಳೆಯದು. ನಾನು ಜೂನನ್ನೇ ಆರಿಸುತ್ತೇನೆ.