ಸ್ಟೇಷನ್ ರೋಡ್ ಕಡೆ ರೀಡಿಂಗ್ ರೂಮ್, ಐದ್ ತಿಂಗಳ ಕುಂತ ಮ್ಯಾಲ ಬರಿಯಾಕತ್ತೀನಿ

ವಿಜಯಪುರದಾಗ ಓದಾಕ್ ಜಾಗಾ ಹುಡಕಾಕತ್ತವ್ರಿಗೆ, ಅದರಾಗೂ ಹುಡುಗ್ಯಾರಿಗೆ ಇದು. ತಿಂಗಳಿಗೆ 700 ರೂಪಾಯಿ, ಮುಂಜಾನಿ 6 ರಿಂದ ರಾತ್ರಿ 10 ರ ತನಕ ತಗದಿರತೈತಿ, ಸುಮಾರು 40 ಸೀಟ್ ಅದಾವು, ಹುಡುಗ್ಯಾರಿಗೆ ಬ್ಯಾರೆ ಸಾಲು ಐತಿ.

ಹ್ವಾದ ಸಲ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪೇಪರ್ 2 ರಾಗ ನನಗ 81 ಬಂತು, 150 ಕ್ಕ 90 ಬೇಕಿತ್ತು. ಮನ್ಯಾಗ ಓದೂದೂ ಅದ ಮಂಚ, ಮಲಗೂದೂ ಅದ ಮಂಚ, ಪುಸ್ತಕ ತಗದ್ರ ಹತ್ತ ನಿಮಿಷಕ್ಕ ಕಣ್ಣ ಎಳಿತಿದ್ವು. ಅವ್ವ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಸಾಕು, ಆಕಿ ಕರೀಲಿಲ್ಲಂದ್ರೂ ನಾನ ಎದ್ದ ಹೋಗ್ತಿದ್ದೆ. ನನಗ ಹಟ ಕಡಿಮಿ ಅಂತ ಭಾಳ ಬ್ಯಾಸರ ಆಗಿತ್ತು. ಬಿಎಡ್ ದಾಗ ಮನೋವಿಜ್ಞಾನಿ ಕರ್ಟ್ ಲೆವಿನ್ ಅವರ ಸೂತ್ರ ಓದಿದ್ವಲ್ಲ, 1936 ರದ್ದು, ನಮ್ಮ ವರ್ತನೆ ಅಂದ್ರ ವ್ಯಕ್ತಿ ಮತ್ತ ಪರಿಸರ ಎರಡೂ ಕೂಡಿ ಆಗೂದು ಅಂತ, ಅವಾಗ ಬಾಯಿಪಾಠ ಮಾಡಿ ಬರದ ಬಿಟ್ಟಿದ್ದೆ, ಖರೇನ ತಿಳದದ್ದು ಇಲ್ಲೆ ಬಂದ ಮೊದಲನೇ ವಾರದಾಗ. ಅದ ನಾನ, ಅದ ಪುಸ್ತಕ, ಮೂರ್ ತಾಸ ಏಳಲಿಲ್ಲ.

ಮೊಬೈಲ್ ಬಾಗಲದಾಗ ಕಾಕಾರ ಕಡೆ ಕೊಟ್ಟ ಒಳಗ ಹೋಗಬೇಕು, ಇದು ನನಗ ಎಲ್ಲಾಕ್ಕಿಂತ ಚಲೋ ಅನಿಸಿದ್ದು. ಮನಿಯಿಂದ ಅರ್ಜೆಂಟ್ ಇದ್ರ ಕಾಕಾರ ನಂಬರಿಗೆ ಮಾಡ್ತಾರ, ಅವ್ರು ಬಂದ ಕರೀತಾರ.

ಆದ್ರ ಎಲ್ಲಾ ಓದು ಇಲ್ಲೆ ಆಗಂಗಿಲ್ಲ. ಹೊಸಾ ಲೆಕ್ಕ ಕಲಿಯಾಕ್ ಕುಂತ್ರ, ಬಾಜೂದಾಕಿ ಸರಸರ ಪುಟ ತಿರಿವ್ಯಾಕತ್ರ ನನಗ ಇನ್ನಷ್ಟ ಗೊಂದಲ ಆಗತೈತಿ. ರಾಬರ್ಟ್ ಝಾಯನ್ಸ್ ಅನ್ನೋ ಮನೋವಿಜ್ಞಾನಿ 1965 ರಾಗನ ಇದನ್ನ ಹೇಳ್ಯಾರ, ಸುತ್ತ ಮಂದಿ ಇದ್ರ ನಮಗ ಚಲೋ ಬರೂ ಕೆಲಸ ಚುರುಕ ಆಗತೈತಿ, ಇನ್ನೂ ಕಲಿಯಾಕತ್ತ ಕೆಲಸ ಕೆಡತೈತಿ ಅಂತ. ಅದಕ ಹೊಸಾ ಪಾಠ ಮನ್ಯಾಗ ಮುಂಜಾನಿ 5 ಕ್ಕ ಎದ್ದ ಮಾಡ್ತೀನಿ (ಮಂಚ ಬಿಟ್ಟ ನೆಲದ ಮ್ಯಾಲ ಚಾಪಿ ಹಾಸಿ), ರಿವಿಜನ್ ಮತ್ತ ಹಳೀ ಪ್ರಶ್ನೆಪತ್ರಿಕೆ ಎಲ್ಲಾ ಇಲ್ಲೆ.

ಇನ್ನೊಂದು, ಬಾಜೂಕ ಯಾರ ಕುಂದರ್ತಾರ ಅನ್ನೂದು. ಮೊದಲ ನಾ ಕಿಡಕಿ ಕಡೆ ಸಾಲಿನ್ಯಾಗ ಕುಂದರ್ತಿದ್ದೆ, ಅಲ್ಲೆ ಎಲ್ಲಾರೂ ಕೆಎಎಸ್ ಓದವ್ರು. ಎರಡ್ ತಿಂಗಳ ಆಗೂದ್ರಾಗ ನನ್ನ ಚೀಲದಾಗೂ ಕೆಎಎಸ್ ಪುಸ್ತಕ ಬಂದ್ವು, ಪ್ರಿಲಿಮ್ಸ್ ಎರಡ ಪೇಪರ್, 200 ರಂಗ 400 ಮಾರ್ಕ್ಸ್ ಅಂತ ಪ್ಲಾನ್ ಬರಿಯಾಕತ್ತಿದ್ದೆ, ಟಿಇಟಿ ಪುಸ್ತಕ ಮೂಲ್ಯಾಗ ಬಿದ್ದಿದ್ವು. ಒಂದಿನ ಗೋಲಗುಮ್ಮಟದ ಗಾರ್ಡನ್ನ್ಯಾಗ ವಾಕಿಂಗ್ ಮಾಡೂವಾಗ ತಂಗಿ ಕೇಳಿದ್ಲು, ಅಕ್ಕಾ ನಿನಗ ಸಾಲ್ಯಾಗ ಗಣಿತ ಹೇಳೂದ ಬೇಕಂತಿದ್ದಿ ಹೌದಿಲ್ಲೋ ಅಂತ. ನನಗ ಉತ್ತರ ಬರಲಿಲ್ಲ. ಆ ಹುಡುಗ್ಯಾರ ತಪ್ಪ ಏನೂ ಇಲ್ಲ, ಭಾಳ ಕಷ್ಟಪಟ್ಟ ಓದ್ತಾರ, ಆದ್ರ ಅದು ಅವರ ಆಸೆ, ದಿನಾ ಎಂಟ ತಾಸ ಬಾಜೂಕ ಕುಂತ ಕುಂತ ನಂದ ಅನಿಸಿಬಿಟ್ಟಿತ್ತು. ಮರುದಿನ ಕಾಕಾರಿಗೆ ಹೇಳಿ ಸೀಟ್ ಬದಲ ಮಾಡಿಸ್ಕೊಂಡೆ, ಈಗ ಟಿಇಟಿ ಓದೂ ಇಬ್ರು ಅಕ್ಕಾರ ನಡುವ ಕುಂದರ್ತೀನಿ, ಊಟದ ಹೊತ್ತಿಗೆ ಶಿಶು ವಿಕಾಸ ವಿಷಯದ ಪ್ರಶ್ನೆ ಒಬ್ಬರಿಗೊಬ್ಬರು ಕೇಳ್ತೀವಿ.

ಕೊರತಿನೂ ಅದಾವು. ಮ್ಯಾಲಿನ ಮಹಡಿ, ಬ್ಯಾಸಗ್ಯಾಗ ನಮ್ಮೂರ 40 ಡಿಗ್ರಿ ದಾಟತೈತಿ, ಕೂಲರ್ ಮಾತ್ರ ಒಂದ. ಕರೆಂಟ್ ಹೋದ್ರ ಇನ್ವರ್ಟರ್ ಮ್ಯಾಲ ಲೈಟ್ ಅಷ್ಟ, ಫ್ಯಾನ್ ತಿರಗಂಗಿಲ್ಲ. ಹುಡುಗ್ಯಾರ ಟಾಯ್ಲೆಟ್ ಚಿಲಕ ಸಡ್ಲ ಆಗೈತಿ, ಎರಡ ಸಲ ಹೇಳೀವಿ, ಇನ್ನೂ ಮಾಡಿಸಿಲ್ಲ, ಇದನ್ನ ಲಗೂನ ಮಾಡಿಸಬೇಕು. ಡಬ್ಬಿ ತಿನ್ನಾಕ್ ಜಾಗಾ ಇಲ್ಲ, ಮೆಟ್ಟಲ ಮ್ಯಾಲ ಕುಂತ ರೊಟ್ಟಿ ಶೇಂಗಾ ಚಟ್ನಿ ತಿಂತೀವಿ.

ಒಂದಿನ ರೊಕ್ಕ ಇಲ್ಲದ ಕುಂದರಾಕ್ ಬಿಡ್ತಾರ. ಹೋದಾಗ ಬಾಜೂದವ್ರು ಏನ ಓದಾಕತ್ತಾರ ಅಂತ ಮೊದಲ ಕೇಳ್ರಿ, ಆಮ್ಯಾಲ ಸೀಟ್ ಹಿಡೀರಿ. ಕೂಲರ್ ಗಾಳಿ 12, 13 ನಂಬರಿಗೆ ಚಲೋ ಬರತೈತಿ.